ಅವ್ವ ಹೊಲಿದ ಅರಮನೆ

ನನ್ನ ತಂಗಿಯ ಮಗ ಶಿವಾನಂದ ಕಾಲೇಜಿನಲ್ಲಿ ಪಾಠ ಹೇಳುತ್ತಾನೆ. ಹೋದ ವರ್ಷ ಜರ್ಮನಿ, ಫ್ರಾನ್ಸ್ ಎರಡೂ ದೇಶ ತಿರುಗಿ, ಅಲ್ಲಿನ ಮಂದಿ ನಾಟಕ ಹೇಗೆ ನೋಡುತ್ತಾರೆ, ಸಿನಿಮಾ ಹೇಗೆ ನೋಡುತ್ತಾರೆ ಎಂದು ಬರೆದುಕೊಂಡು ಬಂದ. ಬಂದವನು ಕಲಬುರಗಿಯಲ್ಲಿ ಒಂದು ಭಾಷಣ ಇಟ್ಟುಕೊಂಡ. ನನ್ನನ್ನು ಮುಂದೆ ಕೂಡ್ರಿಸಿ ಶಾಲು ಹೊದಿಸಿದ. ನಾನು ಐದನೆಯ ಇಯತ್ತೆಗೆ ಶಾಲೆ ಬಿಟ್ಟವನು. ಆಳಂದದಲ್ಲಿ ಲಾರಿಗಳಿಗೆ ತಾಡಪತ್ರಿ ಹೊಲಿಯುತ್ತೇನೆ. ನಾನು ಹೊಲಿದ ತಾಡಪತ್ರಿಯ ಕೆಳಗೆ ತೊಗರಿ ತೊಯ್ದಿತು ಎಂದು ಇವತ್ತಿನ ತನಕ ಒಬ್ಬ ಡ್ರೈವರ್ ಬಂದು ಹೇಳಿಲ್ಲ. ಶಾಲಿನ ಅಂಚು ತಿರುವಿ ನೋಡಿದೆ. ಒಳಗೆ ಮಡಚದೆ ಹೊಲಿದಿದ್ದರು. ನಾಲ್ಕು ಸಲ ಒಗೆದರೆ ಎಳೆ ಬಿಡುವ ಮಾಲು. ಅಲ್ಲಿಗೇ ನನ್ನ ತಲೆ ಕೆಟ್ಟಿತ್ತು.

ಶಿವಾನಂದ ಹೇಳಿದ, ಜರ್ಮನಿಯಲ್ಲಿ ನಾಟಕ ಸುರುವಾದ ಮೇಲೆ ಬಂದವರನ್ನು ಒಳಗೆ ಬಿಡುವುದಿಲ್ಲವಂತೆ, ಅದು ಶಿಸ್ತಂತೆ. ಫ್ರಾನ್ಸಿನಲ್ಲಿ ಸಿನಿಮಾ ಮುಗಿದರೂ, ಪರದೆಯ ಮೇಲೆ ಹೆಸರು ಮುಗಿಯುವ ತನಕ ಜನ ಏಳುವುದಿಲ್ಲವಂತೆ, ಬಟ್ಟೆ ಹೊಲಿದವರ ಹೆಸರು ಬಂದರೂ ಕೂತು ಓದುತ್ತಾರಂತೆ, ಅದು ಗೌರವವಂತೆ. "ಇಂಥದ್ದು ನಮ್ಮ ಕಡೆ ಕಾಣುವುದು ಕಷ್ಟ. ಆದರೆ ನನ್ನ ಅಜ್ಜ ಒಬ್ಬರು ಇದ್ದರು," ಎಂದು ಗೋಡೆಯ ಮೇಲೆ ಒಂದು ಫೋಟೋ ಬಿಟ್ಟ. ನನ್ನ ಅಪ್ಪ, ಬಸಣ್ಣ ಮಾಸ್ತರ, ಹಾರ್ಮೋನಿಯಂ ಮುಂದೆ ಕೂತಿದ್ದ. ಹಿಂದೆ ಕೆಂಪು ಕಂಬಗಳ ಅರಮನೆ ಪರದೆ. ಮಂದಿ ಚಪ್ಪಾಳೆ ತಟ್ಟಿದರು. ನಾನು ತಟ್ಟಲಿಲ್ಲ. ಭಾಷಣ ಮುಗಿದ ಮೇಲೆ ಶಿವಾನಂದ ಕೆಳಗಿಳಿದು ಬಂದು ನನ್ನ ಬಾಜೂಕ ಕೂತ.

"ಮಾವಾ, ಅಜ್ಜನ ಆ ಪರದೆ ನಿಮ್ಮ ಹತ್ರ ಅದ ಅಂತ ಅವ್ವ ಹೇಳ್ತಿದ್ಳು. ಕಾಲೇಜಿನ್ಯಾಗ ಗ್ವಾಡಿಗಿ ತೂಗ ಹಾಕ್ತೇವು. ಕೆಳಗ ಕಾರ್ಡಿನ್ಯಾಗ ಅಜ್ಜನ ಹೆಸರು ಬರೀತೇವು."

"ಹೊಲದಾಕಿ ಹೆಸರು?"

"ಯಾರು ಹೊಲದಾಕಿ?"

"ನಿಮ್ಮಜ್ಜಿ ಲೇ."

"ಹೌದಾ? ಅಜ್ಜಿ ಹೊಲಿದಿದ್ಳಾ?" ಎಂದು ಎರಡು ನಿಮಿಷ ವಿಚಾರ ಮಾಡಿದ. "ನೋಡೂಣು ಮಾವಾ. ಕಾರ್ಡು ಸಣ್ಣದಿರ್ತದ."

ಕಾರ್ಡು ಸಣ್ಣದಿರುತ್ತದೆ. ಎರಡು ದೇಶ ತಿರುಗಿ ಬಂದವನು ಆಡುವ ಮಾತು ಇದು. ಆ ಕಾರ್ಡಿನಲ್ಲಿ ಹಿಡಿಯದ್ದನ್ನು ನಾನು ಇಲ್ಲಿ ಬರೆಯುತ್ತೇನೆ. ಕಾಗದ ನನ್ನದು, ಎಷ್ಟು ಬೇಕಾದರೂ ಹಿಡಿಸುತ್ತೇನೆ.

ಖಜೂರಿಯಲ್ಲಿ ನಮ್ಮದು ಮಾಳಿಗೆ ಮನೆ. ಮುಂದೆ ಪಡಸಾಲಿ, ಹಿಂದೆ ಅಡುಗೆಮನೆ, ನಡುವೆ ಒಂದು ಕಲ್ಲಿನ ಹೊಸ್ತಿಲು. ಶಿವಾನಂದ ವಿಮಾನ ಹತ್ತಿ ಎರಡು ದೇಶ ನೋಡಿದ. ನಾನು ಆ ಹೊಸ್ತಿಲು ದಾಟಿ ದಿನಕ್ಕೆ ಹತ್ತು ಸಲ ಎರಡು ದೇಶ ನೋಡಿದವನು. ಪಡಸಾಲಿ ನಾಟಕದ ದೇಶ. ಅಪ್ಪ ಊರೂರಿಗೆ ಹೋಗಿ ಹುಡುಗರಿಗೆ ನಾಟಕ ಕಲಿಸುವ ಮಾಸ್ತರ. ಅಫಜಲಪುರ ಕಡೆ ಮಣ್ಣೂರು, ಜೇವರ್ಗಿ ಕಡೆ ನೆಲೋಗಿ, ಹೀಗೆ ಕರೆದಲ್ಲಿಗೆ ಹೋಗಿ ತಿಂಗಳುಗಟ್ಟಲೆ ಇದ್ದು ತಾಲೀಮು ಮಾಡಿಸಿ ಬರುತ್ತಿದ್ದ. ಮನೆಯಲ್ಲಿದ್ದ ದಿನ ಪಡಸಾಲಿಯಲ್ಲೇ ತಾಲೀಮು. ಅಡುಗೆಮನೆ ಸಿನಿಮಾದ ದೇಶ. ಅವ್ವನ ತವರು ಗಡಿಯಾಚೆ, ಉಮರ್ಗಾ ರಸ್ತೆಯ ಒಂದು ಹಳ್ಳಿ. ಆಕೆಯ ತಮ್ಮ ಕಾಶಿಮಾಮಾ ಟೂರಿಂಗ್ ಟಾಕೀಸಿನ ಡೇರೆ ಇಟ್ಟವನು. ಸುಗ್ಗಿ ಮುಗಿದ ಮೇಲೆ ಹೊಲದಲ್ಲಿ ಡೇರೆ ಹೊಡೆದು ಮರಾಠಿ ಸಿನಿಮಾ ತೋರಿಸುತ್ತಿದ್ದ. ಆತ ಬಂದಾಗಲೆಲ್ಲ ಒಲೆಯ ಮುಂದೆ ಕೂತು ಅವ್ವನಿಗೆ ಒಂದು ಸಿನಿಮಾದ ಕತೆ ಪೂರಾ ಹೇಳಿಯೇ ಏಳುವವನು. ಪಡಸಾಲಿಯಲ್ಲಿ ಅಪ್ಪನಿಗೆ ನಾವೆಲ್ಲ 'ರಿ' ಹಚ್ಚಿ ಮಾತಾಡಬೇಕು. ಅಡುಗೆಮನೆಯಲ್ಲಿ ಅವ್ವನಿಗೆ 'ಬೇ' ಸಾಕಿತ್ತು.

ಊಟದಲ್ಲೂ ಗಡಿ ಇತ್ತು. ತಾಲೀಮಿನ ದಿನ ಮನೆಯಲ್ಲಿ ಹುಳಿ ನಿಷೇಧ. ಹುಳಿ ತಿಂದರೆ ದನಿ ಒಡೆಯುತ್ತದೆ ಎನ್ನುವುದು ಇರಲಿ, ಒಪ್ಪೋಣ. ಹಾಡುವವರು ತಿನ್ನಬಾರದು, ಸರಿ. ಆದರೆ ನಮ್ಮಪ್ಪನಿಗೆ ಹುಳಿಯ ವಾಸನೆಯೂ ಆಗದು. ಹಾಡದ ಅವ್ವ, ಹಾಡದ ನಾನು, ಆಗಿನ್ನೂ ಮೊಲೆ ಬಿಡದ ತಂಗಿ, ಎಲ್ಲರಿಗೂ ಸಪ್ಪನೆ ಬ್ಯಾಳಿ. ಹುಳಿಹುಳಿ ಪುಂಡಿ ಪಲ್ಯ ತಿನ್ನಬೇಕೆನಿಸಿದರೆ ಅವ್ವ ಹಿತ್ತಲಲ್ಲಿ ಮೂರು ಕಲ್ಲು ಹೂಡಿ ಕುದಿಸುವಳು. ನಾವು ಕಳ್ಳರ ಹಾಗೆ ಕಣಕಿ ಬಣವೆಯ ಮರೆಯಲ್ಲಿ ಕೂತು ಬಿಸಿರೊಟ್ಟಿಗೆ ಹಚ್ಚಿಕೊಂಡು ತಿನ್ನುತ್ತಿದ್ದೆವು. ಕಾಶಿಮಾಮಾ ಮಾತ್ರ ಬೇಕೆಂತಲೇ ತಾಲೀಮಿನ ದಿನ ಬಂದು, ಪಡಸಾಲಿಯಲ್ಲಿ ನಿಂತು, "ಅಕ್ಕಾ, ಪುಂಡಿ ಪಲ್ಯ ಮಾಡಿಯೇನು?" ಎಂದು ಒದರುವವನು. ಅಪ್ಪನನ್ನು ಆತ ದಾಜಿ ಎನ್ನುತ್ತಿದ್ದ. ಮರಾಠಿ ಕಡೆ ಅಕ್ಕನ ಗಂಡನಿಗೆ ಹಾಗೇ ಅನ್ನುತ್ತಾರೆ. ಅಲ್ಲಿಗೆ ತಾಲೀಮು ನಿಂತು ಜಗಳ ಸುರು.

"ದಾಜಿ, ನಿಮ್ಮ ನಾಟಕದಾಗ ರಾಜಾ ಸತ್ತ ಮ್ಯಾಲ ಎದ್ದು ಹೋಗಿ ಬೀಡಿ ಸೇದ್ತಾನ. ನನ್ನ ಸಿನಿಮಾದಾಗ ಸತ್ತಂವ ಸತ್ತಂಗೇ ಇರ್ತಾನ."

"ಅದಕ್ಕೇ ಲೇ ಅದು ಹೆಣದ ಆಟ. ನಿನ್ನಿ ಹೆಂಗ ಸತ್ತಾನೋ ಇವತ್ತೂ ಹಂಗೇ ಸಾಯಬೇಕು. ನನ್ನ ರಾಜಾ ಮಣ್ಣೂರಾಗ ಒಂದು ತರಾ ಸಾಯ್ತಾನ, ನೆಲೋಗ್ಯಾಗ ಒಂದು ತರಾ."

"ಮಂದಿ ಕೂಗಿದ್ರ ಎದ್ದು ಮತ್ತೊಮ್ಮಿ ಸಾಯ್ತಾನ, ಅದೂ ಹೇಳ್ರಿ."

"ಸಾಯ್ತಾನ. ಜೀವ ಇದ್ದವ ಅದಾನ, ಸಾಯ್ತಾನ. ನಿನ್ನ ರೀಲ್ ಹರದ್ರ ನಿನ್ನ ರಾಜಾ ಅರ್ಧಾ ಬಾಯಿ ತಕ್ಕೊಂಡು ನಿಂದರ್ತಾನ!"

ಒಳಗಿಂದ ಅವ್ವ ಹೇಳುವಳು:

"ಇಬ್ಬರ ರಾಜಾನೂ ಸತ್ತಾರಲ್ಲ? ರೊಟ್ಟಿ ಆರ್ತಾವ, ಬರ್ರಿ."

ಶಿವಾನಂದ ಈ ಎರಡು ದೇಶದ ಬಗ್ಗೆ ಕೇಳಿದ್ದರೆ ನಾನೂ ಒಂದು ಭಾಷಣ ಬಿಗಿಯುತ್ತಿದ್ದೆ. ಅಪ್ಪನ ನಾಟಕಕ್ಕೆ ಬರುವ ಗಂಡಸರಿಗೆ ಕತೆ ಮೊದಲೇ ಗೊತ್ತು, ಮಾತು ಬಾಯಿಪಾಠ. ವೇದಿಕೆಯ ಮೇಲಿನವನು ಒಂದು ಶಬ್ದ ತಪ್ಪಿದರೆ ಕೆಳಗಿಂದ ನಾಲ್ಕು ಮಂದಿ ತಿದ್ದುವರು. ಸುಳ್ಳು ಹೇಳುವುದಿಲ್ಲ: ಅಪ್ಪ ಕಲಿಸಿದ ಹುಡುಗರು ತಪ್ಪುತ್ತಿರಲಿಲ್ಲ. ಆತನ ಕೆಲಸ ಗಟ್ಟಿ. ಮಾಮಾನ ಡೇರೆಯಲ್ಲಿ ಕತೆ ಯಾರಿಗೂ ಗೊತ್ತಿಲ್ಲ. ರೀಲು ಹರಿದರೆ ಹೆಂಗಸರು ತಾವೇ ಮುಂದಿನ ಕತೆ ಕಟ್ಟಿಕೊಂಡು, ಪರದೆಯೊಳಗಿನ ಅತ್ತೆಗೆ ಶಾಪ ಹಾಕುತ್ತ, ಶೇಂಗಾ ತಿನ್ನುತ್ತ ಕೂಡುವರು. ಇದೆಲ್ಲ ಸಣ್ಣ ಫರಕು. ದೊಡ್ಡ ಫರಕು ಒಂದೇ. ಮಾಮಾ ತನ್ನ ಡೇರೆಯ ನಡುವೆ ಹಗ್ಗ ಕಟ್ಟಿ, ಅರ್ಧ ಜಾಗ ಹೆಂಗಸರಿಗೆ ಬಿಡುತ್ತಿದ್ದ. ಧರ್ಮಕ್ಕೆ ಬಿಟ್ಟದ್ದಲ್ಲ, ಲಾಭಕ್ಕೇ ಬಿಟ್ಟಿದ್ದ, ಅದೂ ಗೊತ್ತು. ಅಪ್ಪನ ನಾಟಕಕ್ಕೆ ಮನೆಯ ಹೆಂಗಸರು ಬರುವಂತಿರಲಿಲ್ಲ. ಅವರ ಸೀರೆ ಬರಬಹುದಿತ್ತು. ಅವ್ವನ ಧಾರೆ ಸೀರೆ ಎಷ್ಟೋ ರಾಣಿಯರ ಮೈಮೇಲೆ ವೇದಿಕೆ ಹತ್ತಿ ಬಂದಿತ್ತು. ಅವ್ವ ಮಾತ್ರ ವೇದಿಕೆಯ ಎದುರಿಗೂ ಹೋಗಿರಲಿಲ್ಲ.

ಇನ್ನು ಪರದೆಯ ಮಾತು. ಹಾರ್ಮೋನಿಯಂ ಬಿಟ್ಟರೆ ಅಪ್ಪನ ಆಸ್ತಿ ಎಂದರೆ ಆ ಪರದೆ. ಕೋರಾ ಮಾದರಪಾಟ ಬಟ್ಟೆ ತಂದು ಹಾಕಿದ. ಅವ್ವ ತವರಿನಿಂದ ತಂದಿದ್ದ ಕೈಮಶೀನಿನ ಮುಂದೆ ಕೂತು, ಎಂಟು ಉದ್ದನೆಯ ಪಟ್ಟಿ ಕತ್ತರಿಸಿ, ಒಂದಕ್ಕೊಂದು ಎರಡೆರಡು ಹೊಲಿಗೆ ಹಾಕಿ ಜೋಡಿಸಿದಳು. ಒಮ್ಮೆ ಸೂಜಿ ಉಗುರಿನೊಳಗೇ ಇಳಿಯಿತು. ಎಣ್ಣೆ ಹಚ್ಚಿ ಚಿಂದಿ ಕಟ್ಟಿ ಮತ್ತೆ ಕೂತಳು. ಸೊಲ್ಲಾಪುರದಿಂದ ಒಬ್ಬ ಪೇಂಟರ್ ಬಂದು ನಮ್ಮ ಅಂಗಳದಲ್ಲಿ ಹದಿನೈದು ದಿನ ಇದ್ದು, ಅವ್ವ ಬಡಿದ ರೊಟ್ಟಿ ತಿಂದು, ಅಂಟು ಕಲಸಿದ ಬಣ್ಣದಲ್ಲಿ ಅರಮನೆ ಬರೆದ. ಆರು ಕೆಂಪು ಕಂಬ, ಗಿಳಿ ಕೂತ ಕಿಟಕಿ, ಎಲ್ಲಿಗೂ ಹೋಗದ ಒಂದು ಮೆಟ್ಟಿಲು. ಮೇಲೆ ದೊಡ್ಡ ಅಕ್ಷರದಲ್ಲಿ ಅಪ್ಪನ ಹೆಸರು ಬರೆದ. ಮೂಲೆಯಲ್ಲಿ ಸಣ್ಣದಾಗಿ ತನ್ನದೂ ಬರೆದುಕೊಂಡ. ಬಣ್ಣ ಒಣಗಿದ ದಿನ ಅಪ್ಪ ಪರದೆ ಸುತ್ತುವ ಬಿದಿರಿಗೆ ವಿಭೂತಿ ಹಚ್ಚಿ, ಕಾಯಿ ಒಡೆದು, ಎಲ್ಲರೆದುರು ಹೇಳಿದ:

"ಇವತ್ತಿನಿಂದ ಇದನ್ನ ಹೆಂಗಸರು ಮುಟ್ಟಂಗಿಲ್ಲ. ಹೆಂಗಸರು ಮುಟ್ಟಿದ ಪರದೆ ಹೊತ್ತಿಗಿ ಸರಿಯಾಗಿ ಏಳೂದಿಲ್ಲ."

ನಾವು ಬಸವಣ್ಣನ ಮಂದಿ. ಸೂತಕ ಇಲ್ಲ ಎಂದು ಎದೆ ತಟ್ಟಿ ಹೇಳುವವರು. ಅಪ್ಪನ ಎದೆಯ ಮೇಲಿದ್ದ ಲಿಂಗವೇ ಅವ್ವನ ಎದೆಯ ಮೇಲೂ ಇತ್ತು. ಮುಂಜಾನೆ ಜಗುಲಿಯ ಮುಂದೆ ಕೂತು ವಚನ ಹಾಡುವ ಬಾಯಿಯೇ ಮಧ್ಯಾಹ್ನ ಈ ಮಾತು ಆಡಿತು. ಹಗಲೂ ಸಂಜೆಯೂ ದಿನಗಟ್ಟಲೆ ತೊಡೆಯ ಮೇಲೆ ಹಾಕಿಕೊಂಡು ಹೊಲಿದಾಗ ಇಲ್ಲದ ಮೈಲಿಗೆ, ಬಣ್ಣ ಬಿದ್ದ ಮೇಲೆ ಬಂತು. ಅವ್ವ ಕೈಯಲ್ಲಿದ್ದ ದಾರದ ಉಂಡೆ ಡಬ್ಬಿಯಲ್ಲಿಟ್ಟು ಒಳಗೆ ಹೋದಳು.

ಆದರೆ ಪರದೆ ಎಂದ ಮೇಲೆ ಹರಿಯುತ್ತದೆ. ಬಿದಿರಿಗೆ ಸಿಕ್ಕು, ಮೊಳೆಗೆ ತಾಗಿ, ಎಲ್ಲಾದರೂ ಒಂದು ಕಡೆ ಸೀಳುತ್ತಿತ್ತು. ಅದಕ್ಕೆ ಅಪ್ಪ ಒಂದು ಉಪಾಯ ಕಂಡುಕೊಂಡ. ಹರಿದ ಪರದೆ ಪಡಸಾಲಿಯಲ್ಲಿ ಹಾಸಬೇಕು. ಅವ್ವ ಹೊಸ್ತಿಲ ಆಚೆ, ಅಡುಗೆಮನೆಯಲ್ಲಿ ಕೂಡಬೇಕು. ಸೂಜಿ ನನ್ನ ಕೈಯಲ್ಲಿ. ಆಕೆ ಬಾಯಿಂದ ಹೇಳಬೇಕು, ನಾನು ಹೊಲಿಯಬೇಕು. ಆಗ ನನಗೆ ಎಂಟು ವರ್ಷ.

"ಅಲ್ಲಿ ಅಲ್ಲೋ. ಹರದ ತುದಿಗಿಂತ ಎರಡು ಬೆರಳು ಹಿಂದಿನಿಂದ ಹಿಡಿ. ಗಟ್ಟಿ ಜಾಗಾದಾಗ ಸುರು ಮಾಡಬೇಕು, ಹರದ ಜಾಗಾದಾಗಲ್ಲ."

"ಹಿಂಗ ಬೇ?"

"ಹಾಂ. ಎಳಿಬ್ಯಾಡ. ಬಟ್ಟಿ ಎಷ್ಟ ತಾಳ್ತದೋ ಅಷ್ಟ ಎಳಿ. ಗಂಟು ಒಳಗ ಹಾಕು, ಮಂದಿಗಿ ಕಾಣಬಾರದು."

ನನ್ನ ವಿದ್ಯೆ ಇಷ್ಟೇ. ಗಟ್ಟಿ ಜಾಗದಿಂದ ಸುರು ಮಾಡಬೇಕು, ತಾಳುವಷ್ಟೇ ಎಳೆಯಬೇಕು. ಇವತ್ತಿಗೂ ಇದೇ ಪಾಠದ ಮೇಲೆ ನನ್ನ ಮನೆ ನಡೆದಿದೆ. ಕೈ ಚಾಚಿದರೆ ಸಿಗುವಷ್ಟು ದೂರದಲ್ಲಿ ಕೂತು, ಕೈ ಚಾಚದೆ, ಒಬ್ಬ ಹೆಂಗಸು ತಾನೇ ಹೊಲಿದ ಬಟ್ಟೆಯನ್ನು ಮಗನ ಕೈಯಿಂದ ರಿಪೇರಿ ಮಾಡಿಸುತ್ತಿದ್ದಳು. ಎರಡು ವರ್ಷದಲ್ಲಿ ಆ ಪರದೆಯ ಒಂದೊಂದು ಗೇಣೂ ನನಗೆ ಪರಿಚಯವಾಯಿತು. ಅದರ ಸೊಕ್ಕು ನನ್ನ ತಲೆಗೂ ಏರಿತು. ಅದನ್ನೂ ಬರೆಯುತ್ತೇನೆ, ಬಿಡುವುದಿಲ್ಲ.

ಒಂದು ಸಲ, ಆ ವರ್ಷದ ನಾಟಕ ನಮ್ಮ ಊರಲ್ಲೇ ಇದ್ದಾಗ, ಅವ್ವ ಅಪ್ಪನಿಗೆ ರೊಟ್ಟಿ ಬಡಿಸುತ್ತ ಕೇಳಿದಳು. ನಾನು ಬಾಜೂಕೇ ಉಣ್ಣುತ್ತಿದ್ದೆ.

"ಏನ್ರಿ, ಒಂದು ಮಾತು. ಪರದೆ ಮ್ಯಾಲ ಏಳೂದು ನೋಡಬೇಕಂತ ಅದ. ನಾಟಕ ಬ್ಯಾಡ. ಪರದೆ ಎದ್ದಕೂಡ್ಲೆ ಹೊಳ್ಳಿ ಬರ್ತೇನಿ."

"ಹುಚ್ಚು ಹಿಡದದೇನು ನಿನಗ? ಮಾಸ್ತರನ ಹೇಣ್ತಿ ಮಂದ್ಯಾಗ ಕುಂಡ್ರತಾಳ?"

"ಹಿಂದ ನಿಂದರ್ತೇನಿ. ಮೂಲ್ಯಾಗ."

"ಹಿಂಡಿ ಹಾಕು," ಎಂದ ಅಪ್ಪ.

ಅವ್ವ ಶೇಂಗಾ ಹಿಂಡಿ ಹಾಕಿದಳು. ಅಷ್ಟೇ. ಜರ್ಮನಿಯಲ್ಲಿ ಸುರುವಾದ ಮೇಲೆ ಬಂದವರನ್ನು ಬಿಡುವುದಿಲ್ಲವಂತಲ್ಲ ಶಿವಾನಂದ, ನಮ್ಮಪ್ಪ ನಿಮ್ಮಜ್ಜಿಯನ್ನು ಸುರುವಾಗುವ ಮೊದಲೇ ಬಿಡಲಿಲ್ಲ. ಇದಕ್ಕೂ ಶಿಸ್ತು ಅನ್ನುತ್ತೀಯೇನು?

ಮರುವರ್ಷ ಬ್ಯಾಸಗಿಯಲ್ಲಿ ಅಪ್ಪ ನೆಲೋಗಿಗೆ ತಾಲೀಮಿಗೆ ಹೋಗಿದ್ದ. ಇನ್ನೂ ಹದಿನೈದು ದಿನ ಬರುವವನಲ್ಲ. ಪರದೆ ಸುರುಳಿ ಸುತ್ತಿ ಪಡಸಾಲಿಯ ಜಂತಿಗೆ ಕಟ್ಟಿತ್ತು. ಕಾಶಿಮಾಮಾ ಗಡಿಕಲ್ಲಿನ ಆಚೆ ಡೇರೆ ಹೊಡೆದಿದ್ದ. ಹಿಂದಿನ ದಿನ ಸುಂಟರಗಾಳಿ ಎದ್ದು ಆತನ ಬಿಳಿಪರದೆ ನಡುವೆ ಸೀಳಿ ಎರಡಾಗಿತ್ತು. ಮುಂಜಾನೆ ಸೈಕಲ್ ಅಂಗಳದಲ್ಲಿ ಎಸೆದು ಒಳಗೆ ಬಂದ.

"ಅಕ್ಕಾ, ಸಂಜೀಕ ಆಟ ಅದ. ಹಳ್ಳಿಹಳ್ಳಿಗಿ ಡಂಗುರ ಹೊಡಸೀನಿ. ಒಂದು ಬಿಳಿ ಬಟ್ಟಿ ಹೊಂದಿಸಿ ಕೊಡು. ಇಲ್ಲಂದ್ರ ಮಂದಿ ಡೇರೆ ಸುಡ್ತಾರ."

ಅಷ್ಟು ದೊಡ್ಡ ಬಟ್ಟೆ ಒಂದು ದಿನದಲ್ಲಿ ಎಲ್ಲಿಂದ ಬರಬೇಕು? ಮಾಮಾ ಮಾತಾಡುತ್ತಲೇ ತಲೆ ಎತ್ತಿ ಜಂತಿ ನೋಡಿದ. ಅವ್ವನೂ ನೋಡಿದಳು. ಆಮೇಲೆ ಮಾಮಾ ಮೆಲ್ಲಗೆ ಅಂದ:

"ಅದರ ಬೆನ್ನಿಗಿ ಸುಣ್ಣ ಬಳದ್ರ ಆಯ್ತು. ಒಂದು ದಿನದ ಮಾತು. ಆಮ್ಯಾಲ ಝಾಡಿಸಿದ್ರ ಸುಣ್ಣ ಉದುರಿ ಹೋಗ್ತದ."

ಅವ್ವ ಆತನ ಕಡೆ ನೋಡಲಿಲ್ಲ. ನನ್ನ ಕಡೆ ತಿರುಗಿದಳು.

"ನಿನಗ ಅದರ ಬಟ್ಟಿ ಗೊತ್ತದ. ಸುಣ್ಣ ಬಳದ್ರ ಆಚಿಗಿನ ಬಣ್ಣ ಹೋಗಂಗಿಲ್ಲೇನೋ?"

ಹತ್ತು ವರ್ಷದ ನನ್ನನ್ನು ಯಾರಾದರೂ ಏನನ್ನಾದರೂ ಕೇಳಿದ್ದು ಅದೇ ಮೊದಲು. ನಾನು ಎದೆ ಉಬ್ಬಿಸಿ ಹೇಳಿದೆ:

"ಏನೂ ಆಗಂಗಿಲ್ಲ ಬೇ. ಬಟ್ಟಿ ದಪ್ಪ ಅದ. ನಾ ಬಳೀತೀನಿ."

ಬಟ್ಟೆ ನನಗೆ ಗೊತ್ತಿತ್ತು. ಬಣ್ಣ ಗೊತ್ತಿರಲಿಲ್ಲ. ಅಂಟಿನಲ್ಲಿ ಕಲಸಿದ ಬಣ್ಣ ನೀರು ಕುಡಿದರೆ ಬಿಟ್ಟುಕೊಡುತ್ತದೆ ಎನ್ನುವುದು ಯಾವ ಪೇಂಟರನ ಶಿಷ್ಯನಿಗೂ ಗೊತ್ತು. ನನಗೆ ಗೊತ್ತಿರಲಿಲ್ಲ, ಗೊತ್ತಿಲ್ಲ ಎಂದು ಹೇಳುವ ಗುಣವೂ ಇರಲಿಲ್ಲ.

"ಹಂಗಾದ್ರ ಕೊಡ್ತೇನಿ ಕಾಶಿ," ಎಂದಳು ಅವ್ವ. "ಖರೆ ನಾ ಮುಂದ ಕುಂಡ್ರಾಕಿ. ಎಲ್ಲರಿಗಿಂತ ಮುಂದ."

ಏಣಿ ಹಾಕಿ ಆಕೆಯೇ ಹತ್ತಿದಳು. ಹಗ್ಗ ಬಿಚ್ಚಿದಳು. ಸುರುಳಿ ಹೆಗಲಿಗೆ ಬಂದಾಗ ಅದರ ಮೇಲೆ ಕೆನ್ನೆ ಇಟ್ಟು ಒಂದು ಗಳಿಗೆ ಏಣಿಯ ಮೇಲೇ ನಿಂತಳು. ಅಂಗಳದಲ್ಲಿ ಕಣಕಿ ಹಾಸಿ, ಅರಮನೆ ಕೆಳಗೆ ಮಾಡಿ, ಬೆನ್ನು ಮೇಲೆ ಮಾಡಿ ಹರಡಿದೆವು. ನಾನು ಸುಣ್ಣ ಕಲಸಿ ಬಳಿಯತೊಡಗಿದೆ. ಅರ್ಧಕ್ಕೆ ಕುಂಚ ಕಿತ್ತುಹೋಯಿತು. ಅಂಗೈಯಿಂದಲೇ ಬಳಿದು ಮುಗಿಸಿದೆ. ಮಧ್ಯಾಹ್ನದ ಬಿಸಿಲಿಗೆ ಒಣಗಿ ಬೆಳ್ಳಗೆ ಹೊಳೆಯಿತು. ನನ್ನ ಕೈಗುಣಕ್ಕೆ ನಾನೇ ಖುಷಿಪಟ್ಟೆ. ಚಕ್ಕಡಿಯಲ್ಲಿ ಹಾಕಿ ಕಳಿಸಿದ ಮೇಲೆ ಅಂಗೈ ಉರಿಯಲು ಸುರುವಾಯಿತು. ಚರ್ಮ ಸುಲಿದಿತ್ತು. ಅವ್ವ ಕೊಬ್ರಿ ಎಣ್ಣೆ ಹಚ್ಚಿ, ತಲೆ ಬಾಚಿಕೊಂಡು, ಪೆಟ್ಟಿಗೆಯಿಂದ ಧಾರೆ ಸೀರೆ ತೆಗೆದಳು. ಆ ಸೀರೆ ಆಕೆಯ ಮೈಮೇಲೆ ನಾನು ಕಂಡದ್ದು ಅದೇ ಮೊದಲು.

ದೀಪ ಹಚ್ಚುವ ಹೊತ್ತಿಗೆ ಆಟ ಸುರುವಾಯಿತು. ಹೆಂಗಸರ ಕಡೆ ಎಲ್ಲರಿಗಿಂತ ಮುಂದೆ ಅವ್ವ, ತೊಡೆಯ ಮೇಲೆ ತಂಗಿ, ಬಾಜೂಕ ನಾನು. ಪರದೆಯ ಮೇಲೆ ಬೆಳಕು ಬಿತ್ತು. ಒಬ್ಬ ಬಡವಿ ಹೊಲದ ಬಾವಿಯಿಂದ ನೀರು ಸೇದುತ್ತಿದ್ದಳು. ಆಕೆಯ ಹಿಂದೆ ಹೊಲದ ನಡುವೆ ಆರು ಕೆಂಪು ಕಂಬ ನಿಂತಿದ್ದವು. ಬಿಸಿಲಿನ ಹೊಳಪಿಗೆ ಕಾಣಿಸಿರಲಿಲ್ಲ, ಬಣ್ಣ ಕರಗಿ ಸುಣ್ಣದೊಳಗೆಲ್ಲ ಮೂಡಿತ್ತು. ಬಾವಿಯ ಮೇಲೆ ಗಿಳಿ ಕೂತ ಕಿಟಕಿ. ಬಡವಿ ಕೊಡ ಹೊತ್ತು ಎಲ್ಲಿಗೂ ಹೋಗದ ಆ ಮೆಟ್ಟಿಲ ಮೇಲೆ ನಡೆದು ಹೋದಳು. ಗಂಡಸರ ಕಡೆಯಿಂದ ಸಿಳ್ಳೆ ಎದ್ದಿತು. "ಬಾವಿ ಅರಮನ್ಯಾಗ ಅದ ಲೇ!" ಎಂದು ಯಾರೋ ಒದರಿದ. ಮಾಮಾ ಸಿನಿಮಾ ಮಶೀನಿನ ಹತ್ತಿರ ಹಣೆ ಬಡಿದುಕೊಳ್ಳುತ್ತಿದ್ದ. ಅವ್ವನ ಕಡೆ ನೋಡಿದೆ. ಅಳುತ್ತಾಳೆ ಅಂದುಕೊಂಡಿದ್ದೆ. ಆಕೆ ನಗುತ್ತಿದ್ದಳು. ಬಾಯಿಗೆ ಸೆರಗು ಹಿಡಿಯದೆ, ಹಲ್ಲು ಬಿಟ್ಟು, ಪೂರಾ ನಗು.

"ಅದು ನಂದು," ಎಂದಳು ಬಾಜೂಕಿನ ಹೆಂಗಸಿಗೆ. ಆಮೇಲೆ ನನ್ನ ಮೊಣಕೈ ಹಿಡಿದು, "ನೋಡು, ಮೂರನೇ ಕಂಬದ ಬಾಜೂಕ ಗೆರಿ ಕಾಣಾಕತ್ತದಲ್ಲ? ನನ್ನ ಜೋಡಣಿ ಅದು. ಎಷ್ಟು ನೆಟ್ಟಗ ಅದ ನೋಡು."

ಸಿನಿಮಾ ಏನು ನಡೆಯಿತೋ ಆಕೆಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಆಕೆ ಮುಗಿಯುವ ತನಕ ಹೊಲಿಗೆ ನೋಡಿದಳು.

ಅಪ್ಪ ಹದಿನೈದು ದಿನ ಕಾಯಲಿಲ್ಲ. ನಾಲ್ಕನೆಯ ದಿನವೇ ಬಸ್ಸಿನಿಂದ ಇಳಿದ. ಜಂತಿ ಖಾಲಿ ಇತ್ತು. ಪರದೆ ಇನ್ನೂ ಮಾಮಾನ ಡೇರೆಯಲ್ಲೇ ಇತ್ತು, ಅದನ್ನು ವಾಪಸು ತರುವ ಹಾಗೂ ಉಳಿದಿರಲಿಲ್ಲ. ಚಪ್ಪಲಿ ಸಹ ಬಿಡದೆ ಪಡಸಾಲಿಯ ನಡುವೆ ನಿಂತು ಕೇಳಿದ:

"ಯಾರು ಇಳಿಸಿದವ್ರು?"

"ನಾ," ಎಂದಳು ಅವ್ವ, ಹೊಸ್ತಿಲ ಆಚೆಯಿಂದ.

"ಸುಣ್ಣ ಯಾರು ಬಳದವ್ರು?"

ನಾನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಗೋಡೆಗೆ ಹತ್ತಿ ನಿಂತಿದ್ದೆ.

"ನಾ," ಎಂದಳು ಅವ್ವ.

ನಾನು ಬಾಯಿ ಬಿಡಲಿಲ್ಲ. ಹತ್ತು ವರ್ಷದ ಹುಡುಗ, ಹೆದರಿದ್ದ ಎಂದು ನೀವು ಅನ್ನಬಹುದು. ಅನ್ನಬೇಡ್ರಿ. ಹೆದರಿಕೆ ಇತ್ತು, ಅದಕ್ಕಿಂತ ಹೆಚ್ಚಾಗಿ, ನನ್ನ ಕೆಲಸ ಕೆಟ್ಟಿತು ಎಂದು ಒಪ್ಪಲು ನಾಲಗೆ ಏಳಲಿಲ್ಲ.

"ಟ್ರಂಕ್ ಕಟ್ಟು," ಎಂದ ಅಪ್ಪ. "ನಿನ್ನ ತಮ್ಮನ ಡೇರೇದಾಗೇ ಇರು."

ಅವ್ವ ಟ್ರಂಕ್ ಕಟ್ಟಿದಳು. ತಂಗಿಯನ್ನು ಬಗಲಿಗೆ ಹಾಕಿಕೊಂಡಳು. ನನ್ನ ಮುಂದೆ ಬಂದು ನಿಂತು ಅಂಗೈ ನೋಡಿ, "ಎಣ್ಣಿ ಹಚ್ಚಿಕೋ ದಿನಾ," ಎಂದಳು.

ಅವ್ವ ಇಲ್ಲದ ಮನೆಯಲ್ಲಿ ಅಪ್ಪನ ಹುಡುಗರೇ ಸರತಿಯ ಮೇಲೆ ರೊಟ್ಟಿ ತಂದುಕೊಡುತ್ತಿದ್ದರು. ಹುಳಿಯ ವಾಸನೆ ಪೂರಾ ನಿಂತಿತು. ಒಂದು ತಿಂಗಳಾದ ಮೇಲೆ ಅಪ್ಪ ಆಳಂದ ಬಜಾರಿನಿಂದ ಹೊಸ ಮಾದರಪಾಟ ತಂದು ನನ್ನ ಮುಂದೆ ಹಾಕಿದ.

"ನಾಳಿಂದ ಸಾಲಿ ಬ್ಯಾಡ. ಇದನ್ನ ಹೊಲಿ. ಮಣ್ಣೂರವರಿಗಿ ಮಾತು ಕೊಟ್ಟೀನಿ."

ನನ್ನ ಶಾಲೆ ಮುಗಿದದ್ದು ಹೀಗೆ. ಯಾವ ಬಡತನವೂ ನನ್ನನ್ನು ಬಿಡಿಸಲಿಲ್ಲ, ಅರಮನೆ ಬಿಡಿಸಿತು. ಅವ್ವನ ಕೈಮಶೀನಿನ ಮುಂದೆ ಕೂತು ನಾಲ್ಕು ದಿನ ಹೊಲಿದೆ. ಆರು ಪಟ್ಟಿ ಜೋಡಿಸಿದೆ. ಜೋಡಣೆ ನೆಟ್ಟಗೆ ಬಂದಿತ್ತು, ಯಾರಿಗೆ ತೋರಿಸಬೇಕು? ಹೊಸ್ತಿಲ ಆಚೆ ಯಾರೂ ಇರಲಿಲ್ಲ. ಐದನೆಯ ದಿನ ಮಧ್ಯಾಹ್ನ ಅಪ್ಪ ಹಾರ್ಮೋನಿಯಂ ಬಾರಿಸುತ್ತಿದ್ದಾಗ ಹೇಳಿಬಿಟ್ಟೆ.

"ಅಪ್ಪಾ, ಸುಣ್ಣ ಬಳದಂವ ನಾನ್ರಿ. ಅವ್ವಲ್ಲ."

ಆತ ಬಾರಿಸುವುದು ನಿಲ್ಲಿಸಲಿಲ್ಲ.

"ಗೊತ್ತದ."

"ಗೊತ್ತದ?"

"ಆವತ್ತೇ ನಿನ್ನ ಅಂಗೈ ನೋಡೀನಿ. ಬಾಜೂಕ ಕುಂತು ಉಣ್ಣೂ ಮುಂದ ಕಾಣೂದಿಲ್ಲೇನು?"

"ಮತ್ತ ಅವ್ವನ್ನ ಯಾಕ ಕಳಸಿದ್ರಿ?"

"ಸುಣ್ಣದ ಮಾತಲ್ಲ ಲೇ ಅದು. ಮಾಸ್ತರನ ಹೇಣ್ತಿ ಡೇರೇದಾಗ ಎಲ್ಲರಿಗಿಂತ ಮುಂದ ಕುಂತು ಕಿಸಿದಾಳಂತ. ನೆಲೋಗಿ ತನಾ ಸುದ್ದಿ ಬಂತು. ನಕ್ಕಾಳಂತ, ನಕ್ಕಾಳ!"

ಒಂದು ತಿಂಗಳಿಂದ ನಾನು ಉರಿಯುವ ಅಂಗೈ ಮುಚ್ಚಿಕೊಂಡು, ನನ್ನ ತಪ್ಪಿಗೆ ಅವ್ವ ಹೋದಳು ಎಂದು ಒಳಗೊಳಗೇ ಸಾಯುತ್ತಿದ್ದೆ. ಆತನಿಗೆ ಮೊದಲ ದಿನವೇ ಗೊತ್ತಿತ್ತು. ಗೊತ್ತಿದ್ದೂ ದಿನಾ ನನ್ನ ಬಾಜೂಕ ಕೂತು ಉಂಡ. ಪರದೆ ಹೋಯಿತೆಂದು ಆತ ಸಿಟ್ಟಾಗಿದ್ದರೆ ನಾನು ಇವತ್ತು ಇದನ್ನು ಬರೆಯುತ್ತಿರಲಿಲ್ಲ. ಪರದೆ ಕೆಟ್ಟದ್ದಕ್ಕೆ ಆತ ಆಕೆಯನ್ನು ಕಳಿಸಲಿಲ್ಲ, ನಕ್ಕದ್ದಕ್ಕೆ ಕಳಿಸಿದ. ನಾನು ದಾರ ಕತ್ತರಿಸಿದೆ. ಮಶೀನಿಗೆ ಮುಚ್ಚಳ ಹಾಕಿದೆ. ತಲೆಗೆ ಸಿಂಬಿ ಸುತ್ತಿ ಎತ್ತಿದೆ. ಆಗ ಅಪ್ಪನ ಕೈ ನಿಂತಿತು.

"ಮಶೀನ್ ಎಲ್ಲಿಗಿ ಒಯ್ತಿ? ಇನ್ನಾ ಎರಡು ಪಟ್ಟಿ ಅದಾವ!"

ನೀನು ಎಲ್ಲಿಗೆ ಹೊಂಟಿ ಎಂದು ಕೇಳಲಿಲ್ಲ.

"ನೀನೇ ಹೊಲಿ," ಎಂದೆ. 'ರಿ' ಹಚ್ಚಲಿಲ್ಲ. ಆಮೇಲೆ ಎಂದೂ ಹಚ್ಚಲಿಲ್ಲ.

ಗಡಿಕಲ್ಲಿನ ತನಕ ನಾಲ್ಕು ಕಡೆ ಇಳಿಸಿ ಎತ್ತಿದೆ. ಎರಡು ಲಾರಿಯವರು ನಿಲ್ಲಿಸಿ ಹತ್ತು ಅಂದರು, ಹತ್ತಲಿಲ್ಲ. ಅವ್ವ ಮಾಮಾನ ಮನೆಯ ಕಟ್ಟೆಯ ಮೇಲೆ ಕೂತು ಕೈಸೂಜಿಯಿಂದ ಡೇರೆಯ ಹೊಲಿಗೆ ಹಾಕುತ್ತಿದ್ದಳು. ನನ್ನನ್ನು ನೋಡಿ ಎದ್ದು ಬಂದು, ಮೊದಲು ಮಶೀನು ಇಳಿಸಿಕೊಂಡಳು. ಚಕ್ರ ತಿರುವಿ ನೋಡಿದಳು. "ಎಣ್ಣಿ ಬಿಟ್ಟಿದ್ದೇನು?" ಎಂದಳು. ಬಿಟ್ಟಿದ್ದೆ. ಆಕೆ ಮತ್ತೆ ಖಜೂರಿಗೆ ಹೋಗಲಿಲ್ಲ. ನಾನು ಹೋದದ್ದು ಒಂದೇ ಸಲ, ಅಪ್ಪ ಸತ್ತಾಗ. ಮಣ್ಣು ಕೊಟ್ಟೆ. ಮಣ್ಣಷ್ಟೇ ಕೊಟ್ಟೆ.

ಕಾಶಿಮಾಮಾ ಒಳ್ಳೆಯವನು ಎಂದು ತಿಳಿಯಬೇಡ್ರಿ. ಅಕ್ಕನಿಂದ ಡೇರೆ ಹೊಲಿಸಿಕೊಂಡ, ಯಾರಾದರೂ ಕೇಳಿದರೆ ಸೊಲ್ಲಾಪುರದಲ್ಲಿ ಮಾಡಿಸಿದ್ದು ಅನ್ನುತ್ತಿದ್ದ. ಹೊಸ ಬಿಳಿಪರದೆ ಬಂದ ದಿನ ಅರಮನೆಯನ್ನು ಡೇರೆಯ ಕರೆಂಟಿನ ಎಂಜಿನ್ನಿಗೆ ಧೂಳು ಬೀಳದಂತೆ ಹೊದಿಸಿದ. ಅವ್ವ ಹೋಗಿ ಎಳೆದು ತಂದಳು. ಸುಣ್ಣ ಹೋಗುವ ತನಕ ಒಗೆದು, ಕತ್ತರಿಸಿ, ಒಳಗೆ ಹಳೆ ಸೀರೆ ತುಂಬಿ, ಒಂದು ಕೌದಿ ಹೊಲಿದಳು. ಎರಡು ಕಂಬ, ಅರ್ಧ ಗಿಳಿ ಅದರಲ್ಲಿ ಇನ್ನೂ ಮಸಕಾಗಿ ಕಾಣುತ್ತವೆ. ತಂಗಿಯ ಬಾಣಂತನಕ್ಕೆ ಅದೇ ಕೌದಿ ಹಾಸಿದ್ದೆವು.

ಶಿವಾನಂದ, ನೀನು ಗೋಡೆಗೆ ತೂಗಹಾಕುತ್ತೇನೆ ಎನ್ನುವ ಅಜ್ಜನ ಪರದೆ ಅದೇ. ನೀನು ಅದರ ಮೇಲೆ ಉಚ್ಚೆ ಹೊಯ್ದು ದೊಡ್ಡವನಾದವನು. ಬಾ, ಒಯ್ಯಿ, ನಾನು ಬೇಡ ಅನ್ನುವುದಿಲ್ಲ. ನಿನ್ನ ಕಾರ್ಡಿನಲ್ಲಿ ಏನು ಬೇಕೋ ಬರೆದುಕೋ, ಅದು ಸಣ್ಣದಿರುತ್ತದೆ, ನನಗೆ ಗೊತ್ತು. ಗಂಗಾಬಾಯಿ ಹೊಲಿದದ್ದು ಎಂದು ಕೌದಿಯ ನಡುಮಧ್ಯೆ, ಎರಡು ಕಂಬದ ನಡುವೆ, ಒಂದೊಂದು ಅಕ್ಷರ ಗೇಣುದ್ದ, ನಿನ್ನೆ ಕೂತು ಹೊಲಿದು ಮುಗಿಸಿದ್ದೇನೆ. ಗಟ್ಟಿ ಜಾಗದಿಂದ ಸುರು ಮಾಡಿದ್ದೇನೆ. ಗಂಟು ಒಳಗೆ ಹಾಕಿಲ್ಲ, ಮಂದಿಗೆ ಕಾಣಲಿ ಎಂದು ಹೊರಗೇ ಬಿಟ್ಟಿದ್ದೇನೆ. ದಾರ ತಾಡಪತ್ರಿಯದು, ಬ್ಲೇಡು ತಂದರೂ ಬಿಚ್ಚುವುದಿಲ್ಲ.